ಪುಣೆಯಲ್ಲಿ ಮಗುವಿಗೆ ಸ್ಪೀಚ್ ಥೆರಪಿ: ಮನೆಯಲ್ಲಿ ಕನ್ನಡ ನಿಲ್ಲಿಸಬೇಕೇ?

ಪುಣೆ: ಅಪ್ಪ, ಅಮ್ಮ ಇಬ್ಬರೂ ಹಿಂಜೆವಾಡಿಯ ಐಟಿ ಕಂಪನಿಯಲ್ಲಿ. ಮೊಮ್ಮಗನನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದ ಅಜ್ಜಿ. ಮನೆಕೆಲಸದವರದ್ದು ಮರಾಠಿ, ಸೊಸೈಟಿ ಮಕ್ಕಳದ್ದು ಹಿಂದಿ, ಪ್ಲೇ ಸ್ಕೂಲ್‌ನಲ್ಲಿ ಇಂಗ್ಲಿಷ್. ಮಗುವಿಗೆ ಎರಡೂವರೆ ವರ್ಷವಾದರೂ ಮಾತು ನಾಲ್ಕೈದು ಪದ ದಾಟಿಲ್ಲ. ಪುಣೆಯ ಕನ್ನಡ ಕುಟುಂಬಗಳಿಗೆ ಈ ಚಿತ್ರ ಅಪರಿಚಿತವಲ್ಲ. ಇಂಥ ಮನೆಯಲ್ಲಿ ಸ್ಪೀಚ್ ಥೆರಪಿ ಶುರುವಾಗುತ್ತಿದ್ದಂತೆ ಬರುವ ಮೊದಲ ಸಲಹೆ, "ನಾಲ್ಕು ಭಾಷೆಯಿಂದ ಮಗು ಗೊಂದಲಕ್ಕೆ ಬಿದ್ದಿದೆ, ಮನೆಯಲ್ಲಿ ಕನ್ನಡ ಬಿಡಿ" ಎಂಬುದು.

ಈ ಸಲಹೆ ತಪ್ಪು. ಹಲವು ಭಾಷೆ ಕೇಳುವುದರಿಂದ ಮಾತು ಬರುವುದು ತಡವಾಗುವುದಿಲ್ಲ ಎಂದು ಜಗತ್ತಿನ ಅನೇಕ ಕಡೆ ನಡೆದ ಅಧ್ಯಯನಗಳು ಹೇಳಿವೆ. ಕನ್ನಡ ಬಿಟ್ಟರೆ ಆಗುವ ನಷ್ಟ ಮಾತ್ರ ನಿಜವಾದದ್ದು. ಇಂಗ್ಲಿಷ್ ಬಾರದ ಅಜ್ಜಿ ಸುಮ್ಮನಾಗುತ್ತಾರೆ. ಹಗಲೆಲ್ಲ ಮಗುವಿನ ಜತೆ ಇರುವವರೇ ಬಾಯಿ ಮುಚ್ಚಿಕೊಂಡರೆ ಮಗು ಮಾತು ಕಲಿಯುವುದು ಯಾರಿಂದ?

ವಾರಕ್ಕೆ ಒಂದೂವರೆ ಗಂಟೆ ಸಾಕೇ?

ಲೆಕ್ಕ ಹಾಕಿ ನೋಡಿ. ವಾರಕ್ಕೆ 2 ಬಾರಿ, ತಲಾ 45 ನಿಮಿಷ ಥೆರಪಿ ಎಂದರೆ ಒಟ್ಟು ಒಂದೂವರೆ ಗಂಟೆ. ದಿನಕ್ಕೆ ಸುಮಾರು 12 ಗಂಟೆ ಎಚ್ಚರವಿರುವ ಮಗುವಿಗೆ ವಾರದಲ್ಲಿ 84 ಗಂಟೆ ಸಿಗುತ್ತದೆ. ಉಳಿದ ಎಂಬತ್ತೆರಡೂವರೆ ಗಂಟೆ ಮನೆಯವರ ಕೈಯಲ್ಲಿದೆ. ಹಾಗೆಂದು ಮನೆಯನ್ನೇ ಕ್ಲಿನಿಕ್ ಮಾಡಬೇಕಿಲ್ಲ. ಫ್ಲ್ಯಾಶ್ ಕಾರ್ಡ್ ಹಿಡಿದು "ಇದೇನು ಹೇಳು, ಹೇಳು" ಎಂದು ಕೂರುವುದಕ್ಕಿಂತ ಸ್ನಾನ, ಊಟ, ಬಟ್ಟೆ ಹಾಕುವ ಹೊತ್ತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ದಿನವೂ ಅದೇ ಕೆಲಸ, ಅದೇ ಪದ. ಮಗುವಿಗೆ ಬೇಕಾದದ್ದು ಆ ಪುನರಾವರ್ತನೆಯೇ.

ಉದಾಹರಣೆಗೆ ಊಟದ ಹೊತ್ತು. ಕೇಳುವ ಮೊದಲೇ ತಟ್ಟೆ ತುಂಬಿಸಬೇಡಿ. ಅನ್ನ, ಚಪಾತಿ ಎರಡನ್ನೂ ತೋರಿಸಿ "ಅನ್ನ ಬೇಕಾ, ಚಪಾತಿ ಬೇಕಾ?" ಎಂದು ಕೇಳಿ, ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಹಿರಿಯರಿಗೆ ಕಷ್ಟವಾಗುವುದು ಇದೇ, ಮೂರು ಎಣಿಸುವಷ್ಟರಲ್ಲಿ ನಾವೇ ಉತ್ತರ ಹೇಳಿಬಿಡುತ್ತೇವೆ! ಮಗು ಬೆರಳು ತೋರಿಸಿದರೂ, "ಅಅ" ಎಂದರೂ ಅದು ಉತ್ತರವೇ. "ಹಾಂ, ಅನ್ನ" ಎಂದು ಕೊಡಿ. "ಸರಿಯಾಗಿ ಹೇಳಿದರೆ ಮಾತ್ರ ಕೊಡ್ತೀನಿ" ಎಂದು ಊಟವನ್ನು ತಡೆಹಿಡಿಯಬೇಡಿ.

ಮಗು "ನೀರು" ಎಂದರೆ ನೀವು "ನೀರು ಬೇಕು" ಎನ್ನಿ. ಒಂದು ಪದಕ್ಕೆ ಇನ್ನೊಂದು ಸೇರಿಸಿದರೆ ಸಾಕು. "ಕಾರು" ಬದಲು "ತಾಲು" ಎಂದರೆ ನಗಬೇಡಿ, ತಿದ್ದಲೂ ಬೇಡಿ. "ಹೌದು, ಕಾರು ಬಂತು" ಎಂದು ಸರಿಯಾದ ಪದ ಕೇಳಿಸಿದರಾಯಿತು. ಟಿವಿ ಆಫ್ ಇರಲಿ. 2 ವರ್ಷದಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ?

ಪುಣೆಯಲ್ಲಿ ಥೆರಪಿ ಸಾಮಾನ್ಯವಾಗಿ ಮರಾಠಿ, ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಅದು ಅಡ್ಡಿಯಲ್ಲ. ಥೆರಪಿಸ್ಟ್ ಬಳಿ ಪದಗಳ ಪಟ್ಟಿಗಿಂತ ವಿಧಾನವನ್ನು ಕೇಳಿ ಕಲಿಯಿರಿ. ಈ ವಾರದ ಗುರಿ ಏನು, ಮನೆಯಲ್ಲಿ ಯಾವ ಹೊತ್ತಿನಲ್ಲಿ ಮಾಡಬೇಕು ಎಂದು ವಿಚಾರಿಸಿ. ಒಪ್ಪಿದರೆ ಎರಡು ನಿಮಿಷದ ವಿಡಿಯೋ ಮಾಡಿಕೊಂಡು ಅಜ್ಜಿಗೆ ತೋರಿಸಿ. ಅಜ್ಜಿ ಅದನ್ನೇ ಕನ್ನಡದಲ್ಲಿ ಮಾಡಲಿ. ಮಗು ಹೇಳುವ ಪದಗಳನ್ನು ಪುಸ್ತಕದಲ್ಲಿ ಬರೆದಿಡಿ, ಎಲ್ಲ ಭಾಷೆಯದ್ದನ್ನೂ ಸೇರಿಸಿ. ಅಜ್ಜಿ ಹತ್ತಿರ "ನೀರು", ಆಯಾ ಹತ್ತಿರ "ಪಾಣಿ" ಎಂದರೆ ಎರಡು ಪದ ಬಂದಂತೆ. ಇಂಗ್ಲಿಷ್ ಪದಗಳನ್ನಷ್ಟೇ ಎಣಿಸಿದರೆ ಮಗುವಿಗೆ ಇರುವ ಮಾತೂ ಲೆಕ್ಕಕ್ಕೆ ಸಿಗುವುದಿಲ್ಲ.

"ಅವರಪ್ಪನೂ ತಡವಾಗಿಯೇ ಮಾತಾಡಿದ್ದು"

ಪ್ರತಿ ಮನೆಯಲ್ಲೂ ಕೇಳುವ ಮಾತಿದು. ಮನೆತನದಲ್ಲಿ ಮಾತು ತಡವಾದ ಇತಿಹಾಸವಿದ್ದರೆ ಮಗುವಿಗೂ ತಡವಾಗುವ ಸಾಧ್ಯತೆ ಹೆಚ್ಚು. ಅಂದರೆ ಇದು ಬೇಗ ತೋರಿಸಲು ಕಾರಣ, ಕಾಯಲು ಅಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವ ರೂಢಿಯೂ ನಮ್ಮಲ್ಲಿದೆ. ಅದರಿಂದ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಜೇನಿನಲ್ಲಿ ಕಲಸಿ ಕೊಡುವುದಂತೂ 1 ವರ್ಷದೊಳಗಿನ ಮಕ್ಕಳಿಗೆ ಅಪಾಯ.

2 ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ ತೋರಿಸಿ. ಬರುತ್ತಿದ್ದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ತಡ ಮಾಡಬೇಡಿ. ಮೊದಲು ಆಗಬೇಕಾದ್ದು ಶ್ರವಣ ಪರೀಕ್ಷೆ. ಕುಕ್ಕರ್ ಸೀಟಿಗೆ ಬೆಚ್ಚಿಬೀಳುವ ಮಗುವಿಗೂ ಮಾತಿನ ಸೂಕ್ಷ್ಮ ಧ್ವನಿಗಳು ಕೇಳಿಸದೇ ಇರಬಹುದು.

ಎಲ್ಲಿಗೆ ಹೋಗಬೇಕು?

ಪುಣೆಯ ಭಾರತಿ ವಿದ್ಯಾಪೀಠದಲ್ಲಿ ವಾಕ್ ಮತ್ತು ಶ್ರವಣ ವಿಷಯದ ಕಾಲೇಜಿದೆ. 2013ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆ ಇದ್ದು, ಶ್ರವಣ ದೋಷ, ಮಾತಿನ ವಿಳಂಬ ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಕನ್ನಡದಲ್ಲೇ ಮಗುವಿನ ಮೌಲ್ಯಮಾಪನ ಆಗಬೇಕು ಎನ್ನುವವರು ರಜೆಗೆ ಊರಿಗೆ ಹೋದಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಭೇಟಿ ನೀಡಬಹುದು. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ದೂರದ ಊರಿನವರಿಗೆ ಆನ್‌ಲೈನ್ ಮೂಲಕವೂ ಸೇವೆ ನೀಡುತ್ತದೆ. ಖಾಸಗಿ ಕ್ಲಿನಿಕ್ ಆದರೆ ಥೆರಪಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದ್ದಾರೆಯೇ ಎಂದು ಕೇಳಿ, ನೋಂದಣಿ ಸಂಖ್ಯೆ ನೋಡಿಯೇ ಮುಂಗಡ ಕಟ್ಟಿ.