ಒಂದೇ ಮೈದಾ, ಹಲವು ಬ್ರೆಡ್

ಪ್ರಶ್ನೆ: ಬೇಕರಿ ಕೋರ್ಸಿನಲ್ಲಿ ಹತ್ತಾರು ಬಗೆಯ ಬ್ರೆಡ್ ಕಲಿಸುತ್ತಾರಂತೆ. ಒಂದೊಂದಕ್ಕೂ ಬೇರೆ ಹಿಟ್ಟು ಬೇಕೆ?
– ಓದುಗರು, ಕಾಸರಗೋಡು

ಉತ್ತರ: ಬೇಕಿಲ್ಲ. ಹೆಚ್ಚಿನವಕ್ಕೆ ಮೈದಾ, ನೀರು, ಯೀಸ್ಟ್, ಉಪ್ಪು ಇಷ್ಟೇ ಬುನಾದಿ. ಬೇಕರಿಯ ತೂಕದ ಲೆಕ್ಕದಲ್ಲಿ ಮೈದಾ ಯಾವಾಗಲೂ 100 ಭಾಗ; ಸಾದಾ ಬ್ರೆಡ್ಡಿಗೆ ನೀರು ಸುಮಾರು 60, ಉಪ್ಪು 2. ಸಕ್ಕರೆ, ಬೆಣ್ಣೆ, ಹಾಲು ಸೇರಿದರೆ ಮೆತ್ತನೆಯ ಬನ್. ಅವಿಲ್ಲದೆ, ಓವನ್ನಿಗೆ ಹಬೆ ಬಿಟ್ಟು ಬೇಯಿಸಿದರೆ ಗರಿಗರಿ ಹೊರಮೈಯ ಫ್ರೆಂಚ್ ಬ್ರೆಡ್. ಬೆಂದ ಬ್ರೆಡ್ಡನ್ನೇ ಹೋಳು ಮಾಡಿ ಮತ್ತೆ ಒಣಗಿಸಿದರೆ ರಸ್ಕ್.

ನಾದಿದ್ದು ಸಾಕೇ ಎಂದು ತಿಳಿಯಲು ಚೂರು ಹಿಟ್ಟನ್ನು ಬೆರಳುಗಳಿಂದ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ತೆಳುಪೊರೆಯಾದರೆ ಹದ ಬಂದಿದೆ. ಕರಾವಳಿಯ ಸೆಕೆಗೆ ಹಿಟ್ಟು ಬೇಗ ಉಬ್ಬಿ ಹುಳಿಯಾಗುತ್ತದೆ, ತಣ್ಣೀರಲ್ಲಿ ಕಲಸಿ.

ಕಲಿಯುವ ಆಸೆಯಿದ್ದರೆ ಕೇರಳ ಸರಕಾರದ ಫುಡ್ ಕ್ರಾಫ್ಟ್ ಇನ್‌ಸ್ಟಿಟ್ಯೂಟ್ ನಿಮ್ಮ ಜಿಲ್ಲೆಯ ಉದುಮದಲ್ಲೇ ಇದೆ. ಯಾವ ಕೋರ್ಸುಗಳಿವೆ ಎಂದು ವಿಚಾರಿಸಿ.