ಕವಚಕ್ಕೆ ಬಣ್ಣ

ನಮ್ಮ ಸೀಮೆಯ ಮೂಡಲಪಾಯ ಯಕ್ಷಗಾನದಲ್ಲಿ ವೀರರು ಧರಿಸುವ ಕಿರೀಟ, ಭುಜಕೀರ್ತಿಗಳು ಹಗುರವಾದ ಮರದವು. 1884ರಲ್ಲಿ ಗುಬ್ಬಿಯಲ್ಲಿ ಉದಯಿಸಿದ ಚನ್ನಬಸವೇಶ್ವರ ನಾಟಕ ಮಂಡಳಿಯ ರಂಗದ ಮೇಲೂ ಪೌರಾಣಿಕ ವೀರರು ವೇಷದ ವೈಭವದಿಂದಲೇ ಮೆರೆದರು. ಇಂತಹ ಉಡುಗೆಯು ಕತ್ತಿಯ ಏಟನ್ನು ತಡೆಯಲಾರದು. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಬಂದವನು ಯಾರೆಂದು ತಿಳಿಸುವುದೇ ಅದರ ಬಣ್ಣದ ಕಾರ್ಯ.

ಇದೇ ತತ್ವವು ಇಂದಿನ ಗಣಕಯಂತ್ರದ ಆಟಗಳಲ್ಲಿಯೂ ಕಾಣಬರುತ್ತದೆ. 1997ರಲ್ಲಿ ಆರಂಭವಾದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ ದೇಶ ದೇಶಗಳ ಆಟಗಾರರು ಅಂತರಜಾಲದ ಮೂಲಕ ಒಂದೇ ಕಲ್ಪಿತ ಲೋಕದಲ್ಲಿ ಸೇರುತ್ತಾರೆ. ಅಲ್ಲಿ ಬಣ್ಣದ ತೊಟ್ಟಿಯೊಂದುಂಟು. ಮೊದಲು ತೊಟ್ಟಿಗೆ ಬಣ್ಣವನ್ನು ಆರಿಸಿ, ಅನಂತರ ಉಡುಪನ್ನು ಸೂಚಿಸಿದರೆ ಬಟ್ಟೆ ಆ ಬಣ್ಣವನ್ನು ತಳೆಯುತ್ತದೆ. ಅದರಿಂದ ಗುರುತು ಬದಲಾಗುವುದೇ ಹೊರತು ಬಲ ಹೆಚ್ಚುವುದಿಲ್ಲ.

ಲೋಹದ ಕವಚದ ರೀತಿ ಬೇರೆ. ಅದರ ಬಣ್ಣವು ಅದಿರಿನಿಂದಲೇ ಬರುತ್ತದೆ. ‘ವೆರೈಟ್’ ಎಂಬ ಲೋಹದ್ದು ಹಸಿರು. ‘ವ್ಯಾಲೊರೈಟ್’ ಎಂಬುದರದ್ದು ನೀಲಿ. ಈ ಅದಿರು ದೊರೆಯುವುದು ಗಣಿ ಕೆಲಸದಲ್ಲಿ ಚೆನ್ನಾಗಿ ಪಳಗಿದ ಆಟಗಾರನಿಗೆ ಮಾತ್ರ. ಲೋಹಕ್ಕೆ ತಕ್ಕಂತೆ ಕವಚದ ರಕ್ಷಣೆಯೂ ಭಿನ್ನವಾಗಿರುತ್ತದೆ. ಇಲ್ಲಿ ಬಣ್ಣವು ದುಡಿಮೆಯ ಸಾಕ್ಷಿ.

ಈಚಿನ ಕೆಲವು ಆಟಗಳಲ್ಲಿ ಬಣ್ಣಗಳನ್ನು ನಿಜವಾದ ಹಣಕ್ಕೇ ಮಾರುವುದುಂಟು. ಆದುದರಿಂದ ವಿದ್ಯಾರ್ಥಿಗಳು ತಂದೆತಾಯಿಗಳ ಹಣವನ್ನು ವ್ಯಯಿಸುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಕೊಳ್ಳುತ್ತಿರುವುದು ಬಲವನ್ನೋ, ಬರಿಯ ವೇಷವನ್ನೋ? ವೇಷವು ಹೀನವಾದುದಲ್ಲ, ನಮ್ಮ ರಂಗಭೂಮಿಯೇ ಅದಕ್ಕೆ ನಿದರ್ಶನ. ಆದರೆ ವೇಷವನ್ನು ವೇಷವೆಂದು ಅರಿತು ತೊಡುವುದೇ ವಿವೇಕ.