ಸ್ತನದ ಕ್ಯಾನ್ಸರ್: ಶಸ್ತ್ರಕ್ರಿಯೆಗೆ ಮುನ್ನ ಅನುಭವಸ್ಥೆಯ ಮಾತು

ಮಾಟುಂಗದ ಹೊಟೇಲೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಅಡಿಗೆ ಮಾಡುತ್ತಿರುವ ಭಟ್ಟರೊಬ್ಬರು ನಮಗೆ ಪರಿಚಿತರು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತಿಸುವ ಮೊದಲು ಸಿಗುವ ಬಿಡುವಿನಲ್ಲಿ ಒಂದು ದಿನ ಅವರು ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಆಸ್ಪತ್ರೆಯ ಕಡತವಿತ್ತು. ಕುಂದಾಪುರದ ಕಡೆಯ ಹಳ್ಳಿಯಲ್ಲಿದ್ದ ಅವರ ಪತ್ನಿಗೆ ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಏಳು ತಿಂಗಳು ಕಳೆದಿದ್ದವು. ನೋವಿಲ್ಲದ ಗಂಟು, ನೋವೇ ಇಲ್ಲದ ಮೇಲೆ ರೋಗವೆಲ್ಲಿಯದು ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ಕೊನೆಗೆ ಮಗಳಿಗೆ ತಿಳಿದು, ಮುಂಬಯಿಗೆ ಕರೆತಂದು, ಪರೀಕ್ಷೆಗಳೆಲ್ಲ ಮುಗಿದು, ಸ್ತನವನ್ನು ತೆಗೆಯುವ ಶಸ್ತ್ರಕ್ರಿಯೆಗೆ ತಾರೀಖು ಗೊತ್ತಾಗಿತ್ತು. ನಡುವೆ ಹನ್ನೆರಡು ದಿನಗಳಿದ್ದವು.

“ಹಣದ ಅನುಕೂಲ ಹೇಗೋ ಆಗುತ್ತದೆ, ಯಜಮಾನರು ಕೈಬಿಡುವುದಿಲ್ಲ ಎಂದಿದ್ದಾರೆ. ಆದರೆ ಅವಳು ಮಾತನ್ನೇ ಬಿಟ್ಟಿದ್ದಾಳೆ. ಊರಿಗೆ ಕಳುಹಿಸಿಬಿಡಿ ಎಂಬುದೊಂದೇ ಮಾತು,” ಎಂದರು ಭಟ್ಟರು.

ವೈದ್ಯರು ಏನೂ ಹೇಳಿರಲಿಲ್ಲವೆಂದಲ್ಲ. ಹಿಂದಿಯಲ್ಲಿ ಹತ್ತು ನಿಮಿಷ ಚೆನ್ನಾಗಿಯೇ ವಿವರಿಸಿದ್ದರು. ಹೊರಗೆ ನೂರಾರು ಮಂದಿ ಕಾದಿರುವಾಗ ಅದಕ್ಕಿಂತ ಹೆಚ್ಚಿನ ಹೊತ್ತನ್ನು ಅವರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಹಳ್ಳಿಯಿಂದ ಬಂದ ಆ ತಾಯಿಗೆ ಅದರಲ್ಲಿ ಅರ್ಥವಾದದ್ದು ‘ತೆಗೆಯಬೇಕು’ ಎಂಬುದೊಂದೇ. ಕೇಳಬೇಕಾದ ಪ್ರಶ್ನೆಗಳು ಆಕೆಯ ಮನಸ್ಸಿನಲ್ಲಿ ಇದ್ದವು. ಗಂಡಸರಾದ ವೈದ್ಯರನ್ನು, ಅದೂ ಬಾರದ ಭಾಷೆಯಲ್ಲಿ, ಕೇಳುವಂಥ ಪ್ರಶ್ನೆಗಳು ಅವಲ್ಲ.

ಆಗ ನಮಗೆ ನೆನಪಾದವರು ಡೊಂಬಿವಲಿಯಲ್ಲಿರುವ ಬ್ಯಾಂಕು ಗುಮಾಸ್ತರೊಬ್ಬರ ಪತ್ನಿ, ಉಡುಪಿಯ ಕಡೆಯವರು. ಆರು ವರ್ಷಗಳ ಹಿಂದೆ ಅವರಿಗೂ ಇದೇ ಶಸ್ತ್ರಕ್ರಿಯೆಯಾಗಿತ್ತು. ಸಂಗತಿಯನ್ನು ತಿಳಿಸಿದೊಡನೆ ಮರು ಮಾತಿಲ್ಲದೆ ಮುಂದಿನ ಭಾನುವಾರವೇ ಬಂದರು. ಖೋಲಿಯೊಳಗೆ ಕಾಲಿಟ್ಟವರು ಮೊದಲು ಮಾಡಿದ ಕೆಲಸವೆಂದರೆ ಭಟ್ಟರ ಪತ್ನಿಯನ್ನು ಕುಳ್ಳಿರಿಸಿ ತಾವೇ ಚಹಾ ಮಾಡಿದ್ದು. ಎಡಗೈಯಿಂದ ಅಟ್ಟದ ಮೇಲಿನ ಸಕ್ಕರೆ ಡಬ್ಬಿಯನ್ನು ಇಳಿಸಿದ್ದು. ಅವರಿಗೆ ಶಸ್ತ್ರಕ್ರಿಯೆಯಾದದ್ದೂ ಎಡಗಡೆಯೇ. ಆ ಕೈ ಮೇಲೆ ಹೋದದ್ದನ್ನು ಭಟ್ಟರ ಪತ್ನಿ ಕಣ್ಣಿಟ್ಟು ನೋಡುತ್ತಿದ್ದರು.

“ಏನು ಕೇಳಬೇಕೋ ಕೇಳು ತಂಗಿ, ನನ್ನ ಹತ್ತಿರ ನಾಚಿಕೆ ಯಾಕೆ?”

ಸ್ವಲ್ಪ ಹೊತ್ತಿನ ಮೇಲೆ ಮೊದಲನೆಯ ಪ್ರಶ್ನೆ ಬಂತು: “ಅಕ್ಕಾ, ಸೆರಗು ನಿಲ್ಲುತ್ತದೆಯೇ?”

ಇದನ್ನು ಓದಿ ನಗುವವರಿದ್ದರೆ ನಗಲಿ. ಜೀವಕ್ಕೆ ಅಪಾಯವಿರುವಾಗ ಸೆರಗಿನ ಚಿಂತೆಯೇ ಎನ್ನುವವರು, ನಾಲ್ಕು ಜನರ ಮುಂದೆ ಹೋಗಿ ಬದುಕಬೇಕಾದ ಹೆಣ್ಣಿನ ಕಷ್ಟವನ್ನು ಬಲ್ಲವರಲ್ಲ. ಅಕ್ಕನವರು ನಗಲಿಲ್ಲ. ತಾವು ಮೊದಲ ತಿಂಗಳುಗಳಲ್ಲಿ ಮೃದುವಾದ ಬಟ್ಟೆಗೆ ಹತ್ತಿ ತುಂಬಿ ಹೊಲಿದುಕೊಂಡಿದ್ದನ್ನೂ, ಗಾಯ ಪೂರ್ತಿ ಮಾಗಿದ ಮೇಲೆ ಸಿಲಿಕೋನಿನ ಕೃತಕ ಸ್ತನವನ್ನು ತೊಡಲಾರಂಭಿಸಿದ್ದನ್ನೂ ಹೇಳಿ, “ಈಗ ನೋಡು, ಯಾವ ಕಡೆಯದೆಂದು ಗೊತ್ತಾಗುತ್ತದೆಯೇ?” ಎಂದು ಎದ್ದು ನಿಂತರು. ಅಲ್ಲಿಗೆ ನಮ್ಮನ್ನೂ ಭಟ್ಟರನ್ನೂ ಹೊರಗೆ ಕಳುಹಿಸಲಾಯಿತು. ಒಂದೂವರೆ ಗಂಟೆಯ ಕಾಲ ಬಾಗಿಲು ಮುಚ್ಚಿತ್ತು. ಅವರ ಮಾತುಕತೆಯಲ್ಲಿ ಹೊರಗೆ ಹೇಳಬಹುದಾದದ್ದನ್ನು, ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ.

ಇಂಥ ನೆರವಿಗೆ ಒಂದು ಇತಿಹಾಸವೂ ಉಂಟು. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬ ಮಹಿಳೆ ಸ್ತನದ ಶಸ್ತ್ರಕ್ರಿಯೆಗೆ ಒಳಗಾದರು. ಮುಂದೆ ಹೇಗೆ ಬದುಕಬೇಕು, ಕೈಯನ್ನು ಹೇಗೆ ಪಳಗಿಸಬೇಕು, ಏನು ಉಡಬೇಕು ಎಂಬುದನ್ನು ತಿಳಿಸುವವರು ಅವರಿಗೆ ಯಾರೂ ಸಿಗಲಿಲ್ಲ. ತಾವು ಗುಣವಾದ ಮೇಲೆ ಆಸ್ಪತ್ರೆಗಳಿಗೆ ಹೋಗಿ ಇತರ ಹೆಂಗಸರನ್ನು ಕಾಣತೊಡಗಿದರು. ಜೊತೆಯಲ್ಲಿ ಒಯ್ಯುತ್ತಿದ್ದುದು ಕೈಯ ವ್ಯಾಯಾಮಕ್ಕೆ ಒಂದು ರಬ್ಬರು ಚೆಂಡು, ಒಂದು ಹಗ್ಗ, ತಾತ್ಕಾಲಿಕವಾಗಿ ತೊಡಲು ಒಂದು ಕೃತಕ ಸ್ತನ. ಈ ಕೆಲಸ ಅನೇಕ ವೈದ್ಯರಿಗೆ ರುಚಿಸಲಿಲ್ಲ. ಆದರೂ 1969ರಲ್ಲಿ ಅಮೆರಿಕದ ಕ್ಯಾನ್ಸರ್ ಸೊಸೈಟಿಯೇ ಆ ಕಾರ್ಯವನ್ನು ತನ್ನದನ್ನಾಗಿ ಮಾಡಿಕೊಂಡಿತು. ನಮ್ಮ ಮುಂಬಯಿಯಲ್ಲಿ, 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಿಗಳಿಗೆ ನೆರವಾಗುವ ವಿ ಕೇರ್ ಸಂಸ್ಥೆಯನ್ನು 1994ರಲ್ಲಿ ಆರಂಭಿಸಿದ ವಂದನಾ ಗುಪ್ತಾ ಅವರೂ ಕ್ಯಾನ್ಸರನ್ನು ಗೆದ್ದು ಬಂದವರೇ. ಆದುದರಿಂದ ಪರಿಚಿತರಲ್ಲಿ ಇಂಥವರು ಯಾರೂ ಇಲ್ಲದಿದ್ದರೆ, ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ಹೋಗಿ, “ಇದೇ ಶಸ್ತ್ರಕ್ರಿಯೆ ಆದವರೊಬ್ಬರೊಡನೆ ಮಾತಾಡಬೇಕು, ಕನ್ನಡ ಬಲ್ಲವರಾದರೆ ಒಳ್ಳೆಯದು” ಎಂದು ಧಾರಾಳವಾಗಿ ಕೇಳಬಹುದು.

ಎರಡನೆಯ ಪ್ರಶ್ನೆ ಎಲ್ಲರೂ ಕೇಳಲೇಬೇಕಾದದ್ದು: ಪೂರ್ತಿ ತೆಗೆಯುವುದು ಅನಿವಾರ್ಯವೇ? ಹಿಂದೆ ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕತ್ತರಿಸುವ ಕಾಲವೊಂದಿತ್ತು. ಇಟಲಿಯಲ್ಲೂ ಅಮೆರಿಕದಲ್ಲೂ 1970ರ ದಶಕದಲ್ಲಿ ಆರಂಭವಾದ ಎರಡು ದೊಡ್ಡ ಪರೀಕ್ಷೆಗಳ ಇಪ್ಪತ್ತು ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಗಂಟು ತಕ್ಕಷ್ಟು ಚಿಕ್ಕದಾಗಿದ್ದವರಲ್ಲಿ ಅದನ್ನು ಮಾತ್ರ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ, ಸ್ತನವನ್ನೇ ತೆಗೆದರೂ, ಬದುಕಿ ಉಳಿಯುವ ಸಂಭವದಲ್ಲಿ ವ್ಯತ್ಯಾಸವಿಲ್ಲವೆಂಬುದು ಅದರಿಂದ ಸಿದ್ಧವಾಯಿತು. ಕೆಲವರಿಗೆ ಮೊದಲು ಔಷಧಿ ಕೊಟ್ಟು ಗಂಟನ್ನು ಕುಗ್ಗಿಸುವುದೂ ಉಂಟು. ಭಟ್ಟರ ಪತ್ನಿಯ ವಿಷಯದಲ್ಲಿ ಗಂಟುಗಳು ಒಂದಕ್ಕಿಂತ ಹೆಚ್ಚು ಕಡೆ ಇದ್ದುದರಿಂದ ಪೂರ್ತಿ ತೆಗೆಯುವುದೇ ಸರಿಯೆಂದು ವೈದ್ಯರು, ಮತ್ತೊಮ್ಮೆ ಕೇಳಿದಾಗ, ಬಿಡಿಸಿ ಹೇಳಿದರು. ಹಾಗೆ ಕೇಳಿ ತಿಳಿದ ಮೇಲೆ ಆಕೆಯ ಮನಸ್ಸು ಎಷ್ಟೋ ಹಗುರವಾಯಿತು. ಸೂಜಿ ಚುಚ್ಚಿ ತುಣುಕು ತೆಗೆದು ಪರೀಕ್ಷಿಸಿದ್ದರಿಂದಲೇ ರೋಗ ಹರಡಿತೆಂದು ಊರಿನಿಂದ ಯಾರೋ ಫೋನಿನಲ್ಲಿ ಹೆದರಿಸಿದ್ದರಂತೆ. ಅದು ಬರಿಯ ಸುಳ್ಳು.

ಇನ್ನು ಅಕ್ಕನವರು ಒಂದು ನೋಟುಪುಸ್ತಕದಲ್ಲಿ ಬರೆಯಿಸಿದ ಸಂಗತಿಗಳು. ಮುಂದೆ ಗುಂಡಿಯಿರುವ, ಮೈಗಿಂತ ಎರಡು ಅಳತೆ ಸಡಿಲವಾದ ನೂಲಿನ ರವಿಕೆ ನಾಲ್ಕಾದರೂ ಬೇಕು. ತಲೆಯ ಮೇಲಿಂದ ತೊಡುವ ಬಟ್ಟೆ ಕೆಲವು ವಾರ ಉಪಯೋಗಕ್ಕೆ ಬಾರದು. ಶಸ್ತ್ರಕ್ರಿಯೆಯಾದ ಮೇಲೆ ಗಾಯದ ಪಕ್ಕದಿಂದ ಡ್ರೇನ್ ಎಂಬ ಸಣ್ಣ ನಳಿಗೆ ಹೊರಬಂದಿರುತ್ತದೆ, ಅದರ ತುದಿಯಲ್ಲಿ ಒಂದು ಡಬ್ಬಿ. ಮೊದಲು ಕೆಂಪಾಗಿದ್ದು ಬರಬರುತ್ತ ಹಳದಿಯಾಗುವ ನೀರು ಅದರಲ್ಲಿ ತುಂಬುತ್ತದೆ. ಇದನ್ನು ಮೊದಲೇ ತಿಳಿಯದೆ ಕಂಡವರು ಗಾಬರಿಯಾಗುವುದು ಸಹಜ. ಅನೇಕರು ಆ ನಳಿಗೆಯೊಡನೆಯೇ ಮನೆಗೆ ಬರುತ್ತಾರೆ. ನಿತ್ಯವೂ ಎಷ್ಟು ಮಿಲಿಲೀಟರ್ ಬಂತೆಂದು ಅಳೆದು ಬರೆದಿಡಬೇಕು. ನೀರು ಕಡಮೆಯಾದ ಮೇಲೆಯೇ ವೈದ್ಯರು ನಳಿಗೆಯನ್ನು ತೆಗೆಯುವುದು. ಡಬ್ಬಿಯನ್ನು ಇಟ್ಟುಕೊಳ್ಳಲು ಕುತ್ತಿಗೆಗೆ ನೇತುಹಾಕುವ ಸಣ್ಣ ಬಟ್ಟೆಯ ಚೀಲವೊಂದನ್ನು ಅಕ್ಕನವರೇ ಹೊಲಿದು ತಂದಿದ್ದರು. ಜ್ವರ ಬಂದರೆ, ಗಾಯ ಕೆಂಪೇರಿ ಊದಿದರೆ, ನಳಿಗೆಯಲ್ಲಿ ಕೀವು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಕಂಕುಳಿನ ಗ್ರಂಥಿಗಳನ್ನೂ ತೆಗೆಯುವುದರಿಂದ ತೋಳಿನ ಒಳಭಾಗ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅದು ಪೂರ್ತಿ ಹೋಗುವುದೇ ಇಲ್ಲ. ಕೈ ಊದಿಕೊಳ್ಳುವ ಸಂಭವವೂ ಇರುವುದರಿಂದ ಆ ಕೈಗೆ ಸುಟ್ಟ ಗಾಯ, ಕೊಯ್ದ ಗಾಯ ಆಗದಂತೆ ಅಡಿಗೆಮನೆಯಲ್ಲಿ ಎಚ್ಚರ ಬೇಕು. ಹಾಗೆಂದು ಕೈಯನ್ನು ಅಲ್ಲಾಡಿಸದೆ ಮಡಿಸಿಟ್ಟುಕೊಂಡರೆ ಭುಜ ಸೆಟೆದುಹೋಗುತ್ತದೆ. ವ್ಯಾಯಾಮದ ತಜ್ಞರು ಹೇಳಿದ ದಿನದಿಂದ, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲೆ ಮೇಲೆ ನಡೆಸಬೇಕು. ಅಕ್ಕನವರು ಪ್ರತಿದಿನ ಮುಟ್ಟಿದ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಹಾಕುತ್ತಿದ್ದರಂತೆ. ಡೊಂಬಿವಲಿಯ ಅವರ ಮನೆಯ ಗೋಡೆಗೆ ಆಮೇಲೆ ಸುಣ್ಣ ಹೊಡೆಸಿದರೂ ಆ ಗೆರೆಗಳಿದ್ದ ಜಾಗವನ್ನು ಮಾತ್ರ ಬಿಡಿಸಿದ್ದಾರೆ.

ಎಲೆಯಡಿಕೆಯ ವಿಷಯವನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳಬೇಕಾಗಿದೆ. ಬಹುಕಾಲ ಅಡಿಕೆ ಜಗಿದವರಲ್ಲಿ ಕೆಲವರಿಗೆ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಅರಿವಳಿಕೆ ಕೊಡುವ ವೈದ್ಯರು ಉಸಿರಾಟದ ನಳಿಗೆಯನ್ನು ಬಾಯಿಯ ಮೂಲಕವೇ ಇಳಿಸಬೇಕಾದುದರಿಂದ, ಅಭ್ಯಾಸವನ್ನು ಮುಚ್ಚಿಡದೆ ಮೊದಲೇ ತಿಳಿಸತಕ್ಕದ್ದು. ಹೊಗೆಸೊಪ್ಪನ್ನು ಅಂದೇ ಬಿಡುವುದು ಲೇಸು. ಸಕ್ಕರೆ ರೋಗ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ, ಊರಿನ ನಾಟಿ ಔಷಧಿ, ಎಲ್ಲವನ್ನೂ ಹೇಳಬೇಕು. ಹಿಂದಿನ ರಾತ್ರಿಯಿಂದ ಯಾವ ಗಂಟೆಯ ಮೇಲೆ ಏನೂ ಸೇವಿಸಬಾರದೆಂಬುದನ್ನು ಆಸ್ಪತ್ರೆಯವರು ತಿಳಿಸುತ್ತಾರೆ. ಬಳೆ, ಮೂಗುತಿ, ಕರಿಮಣಿಗಳನ್ನು ಕಳಚಬೇಕಾಗುತ್ತದೆ. ಕರಿಮಣಿ ಕಳಚುವುದೆಂದರೆ ನಮ್ಮ ಹೆಂಗಸರಿಗೆ ಅಪಶಕುನದ ಭಯ. ಆ ಮುಂಜಾನೆ ದಾದಿಯೊಬ್ಬಳು ಕೈನೀಡಿ ಕೇಳುವಾಗ ಎದೆಯೊಡೆಯುವ ಬದಲು, ಹಿಂದಿನ ದಿನವೇ ದೇವರ ಮುಂದೆ ಗಂಡನ ಕೈಯಲ್ಲಿ ಕೊಟ್ಟುಬಿಡುವುದೇ ಒಳಿತೆಂದು ಅಕ್ಕನವರ ಸಲಹೆ. ಅದನ್ನು ಭಟ್ಟರ ಪತ್ನಿ ಹಾಗೆಯೇ ನಡೆಸಿದರು.

ಇಲ್ಲಿ ಗಂಡಸರಾದ ನಮ್ಮ ವಾಚಕರಿಗೆ ಎರಡು ಮಾತು. ಹತ್ತು ಅಡಿಯ ಖೋಲಿಯಲ್ಲಿ ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಸೊಂಟದ ಎತ್ತರಕ್ಕೆ ಇಳಿಸಿಡುವುದು, ನೀರು ಹಿಡಿಯುವವರು ಯಾರೆಂದು ಗೊತ್ತುಮಾಡುವುದು, ಊರಿನಿಂದ ಆಕೆಯ ತಂಗಿಯನ್ನೋ ತಾಯಿಯನ್ನೋ ಕರೆಸುವುದು ನಿಮ್ಮ ಕೆಲಸ. ಊರಿನ ರೇಷನ್ ಕಾರ್ಡು ಊರಿನಲ್ಲಿ, ರೋಗಿ ಮುಂಬಯಿಯಲ್ಲಿ ಎಂಬ ತೊಡಕು ನಮ್ಮವರಿಗೆ ಹೊಸದಲ್ಲ. ಇ.ಎಸ್.ಐ. ಇದ್ದರೆ ಅದರ ಕಾರ್ಡು, ಆಧಾರ್, ರೇಷನ್ ಕಾರ್ಡುಗಳನ್ನು ಒಟ್ಟಿಗೆ ಒಯ್ದು ಯಾವ ಯೋಜನೆ ಅನ್ವಯಿಸುತ್ತದೆಂದು ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿ. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲು ದರದಲ್ಲಿ ರಿಯಾಯಿತಿಯಿದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಇವೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಭಟ್ಟರ ಪತ್ನಿ ಬಾಗಿಲು ಮುಚ್ಚಿ ಕೇಳಿದ ಕೊನೆಯ ಪ್ರಶ್ನೆ ಗಂಡನ ವಿಷಯವಾಗಿತ್ತು. ಅಕ್ಕನವರು ಹೊರಗೆ ಬಂದು ಭಟ್ಟರಿಗೆ ಹೇಳಿದರು: “ಮೊದಲ ಸಲ ಕಟ್ಟು ಬಿಚ್ಚುವಾಗ ನೀವು ಮುಖ ತಿರುಗಿಸಬೇಡಿ. ಅವಳು ಗಾಯವನ್ನಲ್ಲ, ನಿಮ್ಮ ಮುಖವನ್ನು ನೋಡುತ್ತಾಳೆ.”

ಅನುಭವಸ್ಥರೆಲ್ಲರೂ ಇಂಥವರೇ ಇರುತ್ತಾರೆಂದು ನಾವು ಹೇಳಲಾರೆವು. ತಾನು ಪಟ್ಟ ಸಂಕಟವನ್ನೇ ಬಣ್ಣಿಸಿ ಹೆದರಿಸುವವರಿದ್ದಾರೆ. ಶಸ್ತ್ರಕ್ರಿಯೆ ಬೇಡ, ಇಂಥ ಕಷಾಯ ಸಾಕು ಎನ್ನುವವರೂ ಇದ್ದಾರೆ. ಅಂಥವರನ್ನು ಬಾಗಿಲಿನಿಂದಲೇ ಕಳುಹಿಸತಕ್ಕದ್ದು. ಔಷಧಿಯ ಪ್ರಶ್ನೆ ಬಂದಾಗಲೆಲ್ಲ ನಮ್ಮ ಅಕ್ಕನವರು, “ಅದನ್ನು ಡಾಕ್ಟರರಿಗೆ ಕೇಳಲು ಪುಸ್ತಕದಲ್ಲಿ ಬರೆ” ಎನ್ನುತ್ತಿದ್ದರು. ಯಕ್ಷಗಾನಕ್ಕೂ ಸತ್ಯನಾರಾಯಣ ಪೂಜೆಗೂ ಪಟ್ಟಿ ಹಿಡಿದು ಓಡಾಡುವ ನಮ್ಮ ಸಂಘಗಳು, ಹೀಗೆ ಬರಲೊಪ್ಪುವ ನಾಲ್ಕಾರು ಕನ್ನಡ ಹೆಂಗಸರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಂಡರೆ ಖರ್ಚೇನೂ ಇಲ್ಲ.

ಶಸ್ತ್ರಕ್ರಿಯೆ ಗೊತ್ತಾದ ತಾರೀಖಿಗೇ ನಡೆಯಿತು. ನಾಲ್ಕನೆಯ ದಿನ ಭಟ್ಟರ ಪತ್ನಿ ಕುತ್ತಿಗೆಯಲ್ಲಿ ಆ ಚೀಲ ತೂಗಹಾಕಿಕೊಂಡು ಖೋಲಿಗೆ ಮರಳಿದರು. ತೆಗೆದ ಭಾಗದ ಪರೀಕ್ಷೆಯ ವರದಿ ಬಂದ ಮೇಲೆ ಕಿಮೊಥೆರಪಿಯ ಮಾತು ಬಂದಿದೆ. ಕೂದಲು ಉದುರುವ ಚಿಂತೆ ಈಗ ಹತ್ತಿದೆ. ಅಕ್ಕನವರು ಬರುವ ಭಾನುವಾರ ಮತ್ತೆ ಬರುವವರಿದ್ದಾರೆ. ಆ ವಿಷಯವನ್ನು ಮುಂದೊಮ್ಮೆ ಬರೆಯುವೆವು.